ಮಲಗಿದ ಮರದ ಗಾಳಿಮರೆ

ಕಾಸಿಮಿರಾ ಕುರಿಗಳ ಜೊತೆಗೇ ಬೆಳೆದವಳು, ಕುರಿಗಳ ಜೊತೆಗೇ ಮುದುಕಿಯಾದವಳು. ಕುಲೆಬ್ರಾ ಹೊಳೆದಂಡೆಯ ಆ ಹಳ್ಳಿಯಲ್ಲಿ ಬೇಸಿಗೆಯುದ್ದಕ್ಕೂ ಬೆಟ್ಟದ ಮೇಲೆ ಮಂದೆ ಕಾಯ್ದ ಹೆಂಗಸು ಅವಳೊಬ್ಬಳೇ. ಮದುವೆಯಾದಳು, ಗಂಡನನ್ನು ಕಳೆದುಕೊಂಡಳು, ಹೆಣ್ಣುಮಕ್ಕಳನ್ನು ದಡ ಸೇರಿಸಿದಳು. ಆದರೆ ಹಿಮ ಕರಗಿದ ಕೂಡಲೇ ಕುರಿಗಳನ್ನು ಹೊಡೆದುಕೊಂಡು ಮೇಲೆ ಹೋಗುವುದನ್ನು ಮಾತ್ರ ಬಿಡಲಿಲ್ಲ.

ಮೇಲೆ, ನೆಟ್ಟಗಿನ ಮರಗಳು ಮುಗಿದ ಮೇಲೂ ಸ್ಪ್ರೂಸ್ ಎಂಬ ಸೂಜಿಯೆಲೆಯ ಮರ ಇರುತ್ತದೆ. ಆದರೆ ಅಲ್ಲಿ ಅದು ನಿಲ್ಲುವುದಿಲ್ಲ, ಮಲಗುತ್ತದೆ. ಸೊಂಟದೆತ್ತರಕ್ಕೂ ಬಾರದ ಪೊದೆಯಾಗಿ, ಕುರಿಮರಿಯೊಂದು ಮೇಲೆ ಹತ್ತಿ ನಡೆಯಬಹುದಾದಷ್ಟು ಒತ್ತಾಗಿ ನೆಲಕ್ಕಂಟಿಕೊಂಡಿರುತ್ತದೆ. ಪಡುವಣ ಗಾಳಿ ಹಿಮದ ಹರಳುಗಳನ್ನು ಹೊತ್ತು ತಂದು ಉಜ್ಜುವ ಕಡೆ ಬರೀ ಒಣಗಿದ ಬೂದು ಕಟ್ಟಿಗೆ. ಮೂಡಣದ ಕಡೆ ಹಸಿರು. ಕುರಿ ಕಾಯುವವರು ಒಲೆ ಹೂಡುವುದು, ನಿದ್ದೆ ಮಾಡುವುದು, ನಡುಗುವ ಮರಿಗಳನ್ನು ಮಲಗಿಸುವುದು ಎಲ್ಲವೂ ಆ ಹಸಿರು ಕಡೆಯ ಗಾಳಿಮರೆಯಲ್ಲೇ. ಇನ್ನೊಂದು ಕಡೆಗೆ ಯಾರೂ ಹೋಗುವುದಿಲ್ಲ. ಅಲ್ಲಿ ಹೋಗಿ ಮಾಡುವುದಾದರೂ ಏನು?

ಕಾಸಿಮಿರಾಳ ತಮ್ಮ ಹಿಲಾರಿಯೊನನ್ನು ಹೂತದ್ದೂ ಅಂಥದ್ದೊಂದು ಮರದ ಗಾಳಿಮರೆಯಲ್ಲಿ. ಅವಳಿಗಾಗ ಏಳು ವರ್ಷ. ತಾಯಿ ಲಿಬ್ರಾದಾ ಮೇಲಿನ ಬಿಡಾರದಲ್ಲೇ ಹೆತ್ತು ಜ್ವರಕ್ಕೆ ಬಿದ್ದಾಗ ಅವಳನ್ನು ಹೇಸರಗತ್ತೆಯ ಮೇಲೆ ಹಳ್ಳಿಗೆ ಇಳಿಸಿದ್ದರು. ಮೇಲೆಯೇ ಇದ್ದ ಕೂಸಿಗೆ ಮೇಕೆಹಾಲು ಕುಡಿಸಿದರೂ ಅದು ಉಳಿಯಲಿಲ್ಲ. ಅಷ್ಟರಲ್ಲಿ ಅಕಾಲದ ಹಿಮ ಬಿದ್ದು ದಾರಿ ಮುಚ್ಚಿತು. ಅಪ್ಪ ಸೆಲೆದೋನ್ ಮಗಳನ್ನು ಮಂದೆಯ ಹತ್ತಿರ ನಿಲ್ಲಿಸಿ, ದೊಡ್ಡ ಸೀಳುಬಂಡೆಯ ಕೆಳಗಿನ ಮರದ ಹತ್ತಿರ ಹೋದ. ಅವನು ಮಂಡಿಯೂರಿದ್ದನ್ನು ಅವಳು ದೂರದಿಂದ ನೋಡಿದ್ದಳು. ಅಷ್ಟೇ.

ಅಪ್ಪ ಕೆಳಗಿಳಿದಾಗ ಅವನ ಮೈಮೇಲೆ ಕುರಿಚರ್ಮದ ಕೋಟು ಇರಲಿಲ್ಲ. "ಮಾರಿ ಕುಡಿದೆ, ಅಲ್ವಾ?" ಎಂದಳು ಲಿಬ್ರಾದಾ. ಅವನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಆ ಚಳಿಗಾಲವಿಡೀ ಗೋಣಿತಾಟು ಹೊದ್ದು ಓಡಾಡಿದ. ಆ ಕುಡುಕ ಗಂಡ ಕೂಸನ್ನು ಹೂತನೋ, ಹಿಮದಲ್ಲಿ ಬಿಟ್ಟು ಬಂದನೋ ಎಂಬ ಮುಳ್ಳು ಲಿಬ್ರಾದಾಳ ಎದೆಯಲ್ಲಿ ಉಳಿಯಿತು. ಅವನು ಸತ್ತ ಮೇಲೂ ಉಳಿಯಿತು.

ಪ್ರತಿ ಬೇಸಿಗೆ ಕಾಸಿಮಿರಾ ಹೊಳೆಯಿಂದ ಒಂದು ಬಿಳಿ ಕಲ್ಲು ಆರಿಸಿಕೊಂಡು ಹೋಗಿ, ಆ ಮರದ ಹಸಿರು ಅಂಚಿನಲ್ಲಿ ಮಂಡಿಯೂರಿ ಪ್ರಾರ್ಥಿಸಿ, ಕಲ್ಲನ್ನು ಮಂಡಿಯ ಮುಂದೆ ಇಟ್ಟು ಬರುತ್ತಿದ್ದಳು. ಹಿಂದಿನ ಕಲ್ಲುಗಳು ಕಾಣದಿದ್ದರೆ ರೆಂಬೆ ಹರಡಿ ಮುಚ್ಚಿಕೊಂಡಿದೆ ಎಂದುಕೊಳ್ಳುತ್ತಿದ್ದಳು.

ಈ ಬೇಸಿಗೆ, ತೊಂಬತ್ತು ದಾಟಿದ ಲಿಬ್ರಾದಾ ಹಾಸಿಗೆ ಹಿಡಿದಳು. ಮಗಳ ಕೈ ಹಿಡಿದು ಹೇಳಿದಳು: "ನನ್ನ ಕೂಸನ್ನ ತಗೊಂಡು ಬಾ. ಅವನನ್ನ ನನ್ನ ಪಕ್ಕದಲ್ಲಿಡದೆ ನನ್ನನ್ನ ಮಣ್ಣು ಮಾಡಬೇಡ. ಅವನು ಅಲ್ಲಿದ್ರೆ."

"ಇದ್ದಾನಮ್ಮ. ನಾನೇ ನೋಡಿದೀನಿ."

"ಏನು ನೋಡಿದೆ? ಏಳು ವರ್ಷದ ಹುಡುಗಿ."

ಹಳ್ಳಿಯಲ್ಲಿ ಗುಂಡಿ ತೋಡುವವನು ಆನೊಫ್ರೆ, ಕಾಸಿಮಿರಾಳ ದೊಡ್ಡಪ್ಪನ ಮಗ. ಹೇಸರಗತ್ತೆಯ ಮೇಲೆ ಹಾರೆ, ಗುದ್ದಲಿ, ಕತ್ತಿ, ಒಂದು ಚಿಕ್ಕ ಪೆಟ್ಟಿಗೆ ಹೇರಿಕೊಂಡು ಇಬ್ಬರೂ ಹತ್ತಿದರು.

"ನಿಧಾನ ಕಣೇ ತಂಗಿ," ಎಂದ ಅವನು ಏದುಸಿರು ಬಿಡುತ್ತ. "ನನ್ನ ಗಿರಾಕಿಗಳನ್ನೆಲ್ಲ ಜನರೇ ಹೊತ್ಕೊಂಡು ಬರ್ತಾರೆ. ನಾನೇ ಹುಡುಕ್ಕೊಂಡು ಬೆಟ್ಟ ಹತ್ತಿದ್ದು ಇದೇ ಮೊದಲು."

"ಬಾಯಿ ಮುಚ್ಚಿದ್ರೆ ಉಸಿರು ಉಳಿಯುತ್ತೆ ಅಣ್ಣ."

ಸೀಳುಬಂಡೆಯ ಕೆಳಗೆ ಮರ ಇತ್ತು. ಹಸಿರು ಅಂಚಿನಲ್ಲಿ ಹೋದ ವರ್ಷದ ಬಿಳಿ ಕಲ್ಲು ಕಂಡಿತು. "ಇಲ್ಲೇ," ಎಂದಳು. ಆನೊಫ್ರೆ ಟೊಪ್ಪಿ ತೆಗೆದು ಶಿಲುಬೆಯ ಗುರುತು ಮಾಡಿಕೊಂಡು ಅಗೆಯತೊಡಗಿದ. ಮೊಣಕಾಲುದ್ದ ಅಗೆದ. ಬದಿಗೆ ಹಿಗ್ಗಿಸಿದ. ಆಮೇಲೆ ಗುಂಡಿಯ ಗೋಡೆಯನ್ನು ಬೆರಳಿಂದ ಸವರಿ ಗುದ್ದಲಿ ಕೆಳಗಿಟ್ಟ.

"ಏನಣ್ಣ?"

"ಈ ಮಣ್ಣನ್ನ ಯಾರೂ ಯಾವತ್ತೂ ಅಗೆದಿಲ್ಲ, ಕಾಸಿ. ಪದರ ಪದರವಾಗಿ ಹಾಗೇ ಇದೆ. ಒಂದ್ಸಲ ಅಗೆದ ಮಣ್ಣು ನನಗೆ ಗೊತ್ತಾಗುತ್ತೆ." ಅವನು ಅವಳ ಮುಖ ನೋಡಲಿಲ್ಲ. "ಚಿಕ್ಕಪ್ಪ ಹೂತದ್ದನ್ನ ನೀನು ಕಣ್ಣಾರೆ ನೋಡಿದ್ಯಾ?"

ಕಾಸಿಮಿರಾ ಗುಂಡಿಯ ಅಂಚಿನಲ್ಲಿ ಕುಸಿದು ಕೂತಳು. ಇಷ್ಟು ವರ್ಷ ಬರಿನೆಲಕ್ಕೆ ಮಂಡಿಯೂರಿದೆನೇ? ಅಮ್ಮ ಹೇಳಿದ್ದೇ ನಿಜವೇ? ದೂರದಲ್ಲಿ ಮಂಡಿಯೂರಿದ್ದ ಅಪ್ಪ ಕಣ್ಣ ಮುಂದೆ ಬಂದ. ಅವನ ಕೈಯಲ್ಲಿ ಗುದ್ದಲಿ ಇತ್ತೇ? ನೆನಪಾಗಲಿಲ್ಲ. ಎಷ್ಟು ಕಣ್ಣು ಮುಚ್ಚಿ ಯೋಚಿಸಿದರೂ ನೆನಪಾಗಲಿಲ್ಲ.

ಏಳಲು ಆಸರೆಗೆಂದು ಅಂಚಿನ ರೆಂಬೆಯೊಂದನ್ನು ಹಿಡಿದೆಳೆದಳು. ರೆಂಬೆ ಬರಲಿಲ್ಲ. ಜಗ್ಗಿದಳು. ಅದು ನೆಲದಿಂದ ಕಿತ್ತು ಬಂದಾಗ ಅದರ ಅಡಿಯಲ್ಲಿ ಕೂದಲಿನಂಥ ಬೇರುಗಳು ಮಣ್ಣು ಹಿಡಿದು ತೂಗಾಡಿದವು. ಅದು ಬರೀ ರೆಂಬೆಯಲ್ಲ, ಆಗಲೇ ಇನ್ನೊಂದು ಮರ. ಅದು ಎದ್ದ ಜಾಗದಲ್ಲಿ ಒಂದು ಬಿಳಿ ಕಲ್ಲು. ಅದಕ್ಕಂಟಿಕೊಂಡು, ಒಳಕ್ಕೆ, ಇನ್ನೊಂದು.

"ಅಣ್ಣ, ಕತ್ತಿ ಕೊಡು."

"ಯಾಕೆ?"

"ಕೊಡು ಅಂದೆ!"

ರೆಂಬೆ ಕಡಿಯುತ್ತ ತೆವಳಿಕೊಂಡು ಒಳಗೆ ಹೋದಳು. ಕಲ್ಲುಗಳು ಜಪಸರದ ಮಣಿಗಳ ಹಾಗೆ ಒಂದಕ್ಕೊಂದು ತಾಗಿ ಪಡುವಣಕ್ಕೆ ಸಾಲುಗಟ್ಟಿದ್ದವು. ಅವಳೇ ಇಟ್ಟ ಕಲ್ಲುಗಳು. ಹಸಿರು ಮುಗಿದು ಒಣಕಟ್ಟಿಗೆ ಶುರುವಾಯಿತು, ಕಲ್ಲಿನ ಸಾಲು ಮುಗಿಯಲಿಲ್ಲ.

"ಅಣ್ಣ... ಮರ ಸರಿದಿದೆ."

"ಬಿಸಿಲು ತಲೆಗೆ ಹತ್ತಿತೇನೇ? ಮರ ಎಲ್ಲಾದ್ರೂ ಸರಿಯುತ್ತಾ?"

"ಈ ಕಡೆ ಸಾಯುತ್ತೆ, ಆ ಕಡೆ ಬೇರು ಬಿಡುತ್ತೆ. ವರ್ಷಕ್ಕೆ ಒಂದು ಕಲ್ಲಿನಷ್ಟು. ನಾನೂ ಅದರ ಹಿಂದೇನೇ ಸರ್ಕೊಂಡು ಬಂದಿದೀನಿ. ಬಂದು ನೋಡು!"

ಆನೊಫ್ರೆ ಬಗ್ಗಿ ನೋಡಿದ. ಕಲ್ಲಿನ ಸಾಲಿನ ಪಕ್ಕ ತಾನೂ ತೆವಳತೊಡಗಿದ.

ಸಾಲು ಮುಗಿದದ್ದು ಗಾಳಿ ನೇರ ಬಡಿಯುವ ಜಾಗದಲ್ಲಿ, ಯಾರೂ ಕೂರದ ಕಡೆ. ಒಣಗಿದ ಕಾಂಡಗಳ ನಡುವೆ, ಜಲ್ಲಿಯಲ್ಲಿ ಅರ್ಧ ಹೂತುಹೋದ ಒಂದು ಹಿಡಿ ಕಲ್ಲುಗಳ ಗುಡ್ಡೆ ಇತ್ತು. ಅದನ್ನು ಅವಳು ಇಟ್ಟಿರಲಿಲ್ಲ. ಹೂಳಿದ ದಿನ ಅದೇ ಗಾಳಿಮರೆಯಾಗಿತ್ತು. ಮರ ಮಗುವಿನ ಮೇಲೆ ಹಾದು ಮುಂದೆ ಹೋಗಿತ್ತು.

ಈ ಸಲ ಆನೊಫ್ರೆ ಗುದ್ದಲಿ ಬಿಟ್ಟು ಕೈಯಿಂದಲೇ ಮಣ್ಣು ಬಿಡಿಸಿದ. ಸತ್ತ ಬೇರುಗಳು ಒಂದು ಗಂಟನ್ನು ಸುತ್ತಿ ಹಿಡಿದಿದ್ದವು. ಬೇರು ಬಿಡಿಸಿದಂತೆ ಕಪ್ಪಾದ ಕುರಿಚರ್ಮ ಕಂಡಿತು. ಹಿತ್ತಾಳೆಯ ಗುಂಡಿಗಳು, ಮೇಲಿಂದ ಕೆಳಗಿನವರೆಗೆ ಎಲ್ಲವನ್ನೂ ಹಾಕಲಾಗಿತ್ತು. ಒಳಗೆ ಹಕ್ಕಿಯದಂಥ ಸಣ್ಣ ಎಲುಬುಗಳು.

"ಚಿಕ್ಕಪ್ಪನ ಕೋಟು," ಎಂದ ಆನೊಫ್ರೆ, ಪಿಸುಗುಟ್ಟಿದಂತೆ.

ಕಾಸಿಮಿರಾ ಅಳಲಿಲ್ಲ. ಆ ಗುಂಡಿಗಳನ್ನೇ ನೋಡುತ್ತ ಕೂತಳು. ಹಿಮ ಬೀಳುತ್ತಿದ್ದ ಹೊತ್ತಿನಲ್ಲಿ ಆ ಮನುಷ್ಯ ಒಂದೊಂದಾಗಿ ಹಾಕಿದ ಗುಂಡಿಗಳು.

ಮರುದಿನ ಪೆಟ್ಟಿಗೆಯನ್ನು ಅಮ್ಮನ ಹಾಸಿಗೆಯ ಪಕ್ಕ ಇಟ್ಟು, ಮುಚ್ಚಳ ತೆಗೆದು, ಲಿಬ್ರಾದಾಳ ಕೈಯನ್ನು ಕೋಟಿನ ಮೇಲೆ ಇರಿಸಿದಳು. ಕಣ್ಣು ಮಂಜಾಗಿದ್ದ ಮುದುಕಿಯ ಬೆರಳು ಗುಂಡಿಯೊಂದನ್ನು ಮುಟ್ಟಿತು. ಸುತ್ತಲೂ ಸವರಿತು. ಅಲ್ಲೇ ನಿಂತಿತು.

"ಇದು..." ಎಂದಳು. "ಆ ಚಳಿಗಾಲ ಎಲ್ಲ ಗೋಣಿತಾಟು ಹೊದ್ಕೊಂಡು ನಡುಗ್ತಿದ್ದ. ನಾನು ದಿನಾ ಬೈದೆ. ಅವನು ಯಾಕೆ ಹೇಳಲಿಲ್ಲ, ಮಗಳೇ?"

ಮುದುಕಿ ಗುಂಡಿಯಿಂದ ಕೈ ತೆಗೆಯಲಿಲ್ಲ. ಮತ್ತೆ ಹೇಳಿದಳು, ಈ ಸಲ ಗಟ್ಟಿಯಾಗಿ:

"ಆನೊಫ್ರೆಗೆ ಹೇಳು, ಗುಂಡಿ ಅಗಲವಾಗಿ ತೋಡಲಿ. ನನ್ನನ್ನ ನಿಮ್ಮಪ್ಪನ ಪಕ್ಕದಲ್ಲೇ ಇಡಿ. ಕೂಸು ನಮ್ಮಿಬ್ಬರ ನಡುವೆ ಇರಲಿ."