ರಾಗಿ ಡಬ್ಬಿಯಲ್ಲಿ ಹೋದ ಲಿಂಗ

ಮಸ್ಕತ್ತಿನಿಂದ ಮೈಸೂರಿಗೆ ರಾಗಿ ಹಿಟ್ಟು ಹೊತ್ತು ತಂದ ಕುಟುಂಬ ಈ ಭೂಮಿಯ ಮೇಲೆ ನಮ್ಮದೊಂದೇ ಇರಬೇಕು. ಕೊರೊನಾದ ಮೊದಲ ವರ್ಷ ನನ್ನ ಗಂಡನ ಕಂಪನಿಯವರು ಒಂದು ಮೇಲ್ ಕಳಿಸಿ, ಇಷ್ಟು ವರ್ಷದ ಸೇವೆಗೆ ವಂದನೆ ಹೇಳಿ, ಮನೆ ಖಾಲಿ ಮಾಡಲು ಮೂರು ವಾರ ಕೊಟ್ಟರು. ಹನ್ನೊಂದು ವರ್ಷದ ಸಂಸಾರವನ್ನು ಆರು ಸೂಟ್‌ಕೇಸಿಗೆ ತುಂಬುವಾಗ ಸೋಫಾ ಬಿಟ್ಟೆವು, ಫ್ರಿಜ್ ಬಿಟ್ಟೆವು, ಮಗಳ ಸೈಕಲ್ ಬಿಟ್ಟೆವು. ಒಂದೂವರೆ ಕಿಲೋ ರಾಗಿ ಹಿಟ್ಟನ್ನು ಮಾತ್ರ ಬಿಡಲಾಗಲಿಲ್ಲ. ಅದು ಹಿಂದಿನ ರಜೆಯಲ್ಲಿ ಮೈಸೂರಿನಿಂದಲೇ ಹೋಗಿದ್ದ ಹಿಟ್ಟು.

"ತಿನ್ನೋ ಪದಾರ್ಥ ಎಸೀಬಾರ್ದು ಕಣಮ್ಮ" ಎಂದು ನಮ್ಮ ಜೊತೆಗೇ ಇದ್ದ ಅತ್ತೆ ಅದನ್ನು ಸ್ಟೀಲ್ ಡಬ್ಬಿಗೆ ತುಂಬಿ ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ನಮ್ಮ ಕಡೆ ಎಷ್ಟೋ ಜನ ಒಂದು ಸಲವೂ ವಿಮಾನ ಹತ್ತಿಲ್ಲ. ಆ ರಾಗಿ ಎರಡು ಸಲ ಹತ್ತಿತು.

ಎಲ್ಲರೂ ನಾವು ಊರಿಗೆ ವಾಪಸು ಬಂದೆವು ಎನ್ನುತ್ತಿದ್ದರು. ಒಂಬತ್ತು ವರ್ಷದ ಮಗಳಿಗೆ ಮಾತ್ರ ಇದು ವಿದೇಶ ಪ್ರಯಾಣ. ಅವಳು ಹುಟ್ಟಿದ್ದು ಅಲ್ಲಿ, ಅವಳ ಶಾಲೆ ಅಲ್ಲಿ, ಜಗಳವಾಡಲು ಬೇಕಾದ ಗೆಳತಿಯರೂ ಅಲ್ಲಿ. ಮೈಸೂರು ಅಂದರೆ ಅವಳಿಗೆ ವರ್ಷಕ್ಕೆ ಮೂರು ವಾರ ಸೊಳ್ಳೆ ಕಚ್ಚಿಸಿಕೊಳ್ಳುವ ಜಾಗ. ಬೆಂಗಳೂರಿನಲ್ಲಿ ಇಳಿದು ನಮ್ಮನ್ನೆಲ್ಲ ಮೈಸೂರಿನ ಬಸ್ಸಿಗೆ ತುಂಬಿದಾಗ, "ಅಮ್ಮ, ಇಲ್ಲಿ ನಮ್ಗೆ ಎಷ್ಟು ದಿನದ ವೀಸಾ?" ಎಂದು ಕೇಳಿದಳು.

"ಸದ್ಯಕ್ಕೆ ಏಳು ದಿನ, ಹೋಟೆಲಲ್ಲಿ ಕ್ವಾರಂಟೈನು" ಎಂದೆ.

ಆ ಹೋಟೆಲಿಗೂ ರಾಮಕೃಷ್ಣನಗರದ ನಮ್ಮ ಮನೆಗೂ ಆಟೊದಲ್ಲಿ ಹತ್ತು ನಿಮಿಷ. ಸಮುದ್ರ ದಾಟಿ ಬಂದವರಿಗೆ ಹತ್ತು ನಿಮಿಷ ದಾಟಲು ಏಳು ದಿನ. ಸರ್ಕಾರದ ಲೆಕ್ಕಾಚಾರವನ್ನು ಪ್ರಶ್ನಿಸುವಷ್ಟು ವಿದ್ಯೆ ನಮಗಿಲ್ಲ. ಕೋಣೆಯ ಗೋಡೆಗೆ ಅರಮನೆಯ ದೊಡ್ಡ ಫೋಟೊ ಹಾಕಿದ್ದರು. ಅರಮನೆ ಇರುವ ಊರಿನಲ್ಲೇ ಕೂತು ಅದನ್ನು ಫೋಟೊದಲ್ಲಿ ನೋಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಒಂದು ಕೋಣೆಗೆ ಮೂರೇ ಜನ ಎಂಬ ನಿಯಮವಿದ್ದುದರಿಂದ ನಾನು, ಮಗಳು, ಅತ್ತೆ ಒಂದು ಕಡೆಗಾದೆವು. ಪಕ್ಕದ ಕೋಣೆ ಪೂರ್ತಿ ನನ್ನ ಗಂಡನಿಗೆ. ಕೆಲಸ ಹೋದ ಮನುಷ್ಯನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಒಂದು ಕೋಣೆಯವರು ಇನ್ನೊಂದು ಕೋಣೆಗೆ ಕಾಲಿಡುವ ಹಾಗಿಲ್ಲ, ಅದನ್ನು ನೋಡಿಕೊಳ್ಳಲು ಪ್ಯಾಸೇಜಿನಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಗಾರ್ಡ್ ಬೇರೆ.

ಅನಾಹುತ ಆದದ್ದು ಕೋಣೆಗೆ ಬರುವ ಮೊದಲೇ, ಹೋಟೆಲಿನ ಬಾಗಿಲಲ್ಲಿ. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟ ಒಬ್ಬಾತ ಬೆನ್ನಿಗೆ ಔಷಧಿ ಹೊಡೆಯುವ ಕ್ಯಾನು ಕಟ್ಟಿಕೊಂಡು, ಬಂದವರಿಗೆಲ್ಲ ಬ್ಲೀಚಿಂಗ್ ನೀರಿನ ಅಭಿಷೇಕ ಮಾಡುತ್ತಿದ್ದ. ಚೀಲ, ಚಪ್ಪಲಿ, ಮನುಷ್ಯ ಎಂಬ ಭೇದ ಅವನಿಗಿರಲಿಲ್ಲ. ಸಾಲಿನಲ್ಲಿ ನನ್ನ ಹಿಂದಿದ್ದ ಅತ್ತೆ ಅದನ್ನು ನೋಡಿ ಗಾಬರಿಯಾದರು. ಅವರ ಕೊರಳಿನ ಬೆಳ್ಳಿ ಕರಡಿಗೆಯಲ್ಲಿ ಇಷ್ಟಲಿಂಗವಿತ್ತು. ಕೂಸಾಗಿದ್ದಾಗ ಕಟ್ಟಿದ್ದು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿದ ಮೇಲೇ ಬಾಯಿಗೆ ತುತ್ತು. ಹೆರಿಗೆಯಲ್ಲೂ ಕಣ್ಣಿನ ಆಪರೇಷನ್ನಿನಲ್ಲೂ ಮೈಮೇಲಿಂದ ತೆಗೆಯದಿದ್ದ ಲಿಂಗಕ್ಕೆ ಆ ಪಾಯಖಾನೆ ತೊಳೆಯುವ ನೀರು ಬೀಳಬಾರದೆಂದು, ಯಾರಿಗೂ ಒಂದು ಮಾತು ಹೇಳದೆ, ಅತ್ತೆ ಕರಡಿಗೆಯನ್ನು ತೆಗೆದು ರಾಗಿ ಡಬ್ಬಿಯೊಳಗೆ ಹೂತಿಟ್ಟು ಮುಚ್ಚಳ ಹಾಕಿದರು. ಐದು ನಿಮಿಷದ ಮಟ್ಟಿಗೆ.

ಹೊರಗಿನ ತಿಂಡಿ ತಿನಿಸು ಒಳಗೆ ಬಿಡಬಾರದೆಂಬ ನಿಯಮ ಅವರಿಗೆ ಹೇಗೆ ಗೊತ್ತಿರಬೇಕು? ಮುಂದಿನ ಮೇಜಿನಲ್ಲಿದ್ದವನು ಡಬ್ಬಿ ತೆಗೆದುಕೊಂಡ. ಔಷಧಿ ಹೊಡೆದು ಸೂಟ್‌ಕೇಸುಗಳ ಜೊತೆ ಮೇಲೆ ಕಳಿಸುತ್ತಾರೆ ಎಂದುಕೊಂಡು ಅತ್ತೆ ಕೊಟ್ಟರು. ಗಂಟೆಯ ಮೇಲೆ ಸೂಟ್‌ಕೇಸುಗಳು ಬಂದವು, ಡಬ್ಬಿ ಬರಲಿಲ್ಲ. ಆಗ ಅತ್ತೆ ಬಾಯಿ ಬಿಟ್ಟರು. ನಾನು ರಿಸೆಪ್ಷನ್ನಿಗೆ ಫೋನ್ ಮಾಡಿದೆ.

"ಹೊರಗಿನ್ ಫುಡ್ಡಾ ಮೇಡಂ? ಅದು ಹಳದಿ ಚೀಲಕ್ಕೆ ಹೋಯ್ತು."

"ಚೀಲ ಎಲ್ಲಿದೆ?"

"ವ್ಯಾನ್ ಬಂದು ತಗೊಂಡೋಯ್ತಲ್ಲ ಮೇಡಂ, ಸುಡಕ್ಕೆ."

ನನಗೆ ಮೈಯೆಲ್ಲ ಉರಿದುಹೋಯಿತು. ರಾಗಿಯ ಮೇಲೆ ಸಿಟ್ಟು, ವ್ಯಾನಿನ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಅತ್ತೆಯ ಮೇಲೆ. "ಡಬ್ಬಿಯೊಳಗೆ ಯಾಕೆ ಇಟ್ರಿ ಅತ್ತೆ? ನನ್ ಕೈಗೆ ಕೊಡಬಾರ್ದಿತ್ತಾ?" ಎಂದು ಕೂಗಾಡಿದೆ.

"ರಾಗಿಗಿಂತ ಚೊಕ್ಕಟವಾದ ಜಾಗ ಎಲ್ಲಿತ್ತಮ್ಮ ಅಲ್ಲಿ?" ಎಂದರು ಅತ್ತೆ. ಆಮೇಲೆ ಮಂಚದ ತುದಿಯಲ್ಲಿ ಕೂತು, ಖಾಲಿ ಕೊರಳನ್ನು ಸೆರಗಿನಿಂದ ಮುಚ್ಚಿಕೊಂಡರು.

ಮಧ್ಯಾಹ್ನದ ಊಟ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬಂತು. ಅತ್ತೆ ಮುಟ್ಟಲಿಲ್ಲ. ರಾತ್ರಿಯದೂ ಹಾಗೇ ಉಳಿಯಿತು. ಹೊಸ ಲಿಂಗ ಗುರುಗಳ ಕೈಯಿಂದ ಬರುವ ತನಕ ನೀರು ಬಿಟ್ಟು ಬೇರೇನೂ ಇಲ್ಲ ಎಂದರು. ಅವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಬೇಕೆಂದರೆ ಊಟ ಮಾಡಬೇಕು, ಊಟ ಮಾಡಬೇಕೆಂದರೆ ಲಿಂಗ ಬೇಕು, ಲಿಂಗ ಬೇಕೆಂದರೆ ಊರಿನಾಚೆ ಇರುವ ನಮ್ಮ ಮಠದಿಂದ ಬರಬೇಕು, ನಾವೋ ಬಾಗಿಲಾಚೆ ಕಾಲಿಟ್ಟರೆ ಕೇಸು. ಗಂಡನಿಗೆ ಫೋನ್ ಮಾಡಿದರೆ, "ನೀನೇ ಏನಾದ್ರೂ ಹೇಳಿ ಸಮಾಧಾನ ಮಾಡು ಕಣೇ" ಎಂಬ ಅಮೂಲ್ಯ ಸಲಹೆ ಬಂತು. ಹಿಂದೆ ಟಿವಿಯಲ್ಲಿ ಯಾವುದೋ ಹಳೆಯ ಕ್ರಿಕೆಟ್ ಪಂದ್ಯ ನಡೆದಿತ್ತು. ಆದರೂ ಪುಣ್ಯಕ್ಕೆ, ಇದೇ ಊರಿನ ವಿಜಯನಗರದಲ್ಲಿರುವ ನನ್ನ ಮೈದುನನಿಗೆ ಅವರೇ ಹೇಳಿ ಮಠಕ್ಕೆ ಅಟ್ಟಿದರು.

ಮಠದಲ್ಲಿ ಸ್ವಾಮಿಗಳು, ನಾವೆಲ್ಲ ಬುದ್ಧಿಯವರು ಎನ್ನುವುದು ಅವರನ್ನೇ, ಒಂದು ಮಾತೂ ಆಕ್ಷೇಪಿಸದೆ ಲಿಂಗ ಕೊಟ್ಟರಂತೆ. ಸಂಸ್ಕಾರವನ್ನು ವಿಡಿಯೊ ಕಾಲಿನಲ್ಲೇ ಮಾಡಿಸುತ್ತೇನೆ ಎಂದೂ ಹೇಳಿದರಂತೆ. ಕಾಲ ಬದಲಾದದ್ದು ಮಠಕ್ಕೆ ಗೊತ್ತಾಗಿತ್ತು. ಸರ್ಕಾರದ ಕೊರೊನಾ ಕಂಟ್ರೋಲ್ ರೂಮಿಗೆ ಇನ್ನೂ ಗೊತ್ತಾಗಿರಲಿಲ್ಲ. ಹೊರಗಿನಿಂದ ಏನು ತರಿಸಬೇಕಾದರೂ ಅಲ್ಲಿನ ಅಧಿಕಾರಿಯ ಒಪ್ಪಿಗೆ ಬೇಕಿತ್ತು. ಫೋನ್ ಮಾಡಿದೆ.

"ಏನ್ ಐಟಂ ಮೇಡಂ?"

"ಇಷ್ಟಲಿಂಗ."

ಆ ಕಡೆ ಕಾಗದ ಮಗುಚುವ ಸದ್ದು. "ಲಿಸ್ಟಲ್ಲಿ ಇಲ್ವಲ್ಲ ಮೇಡಂ. ಔಷಧಿ ಇದೆ, ಕನ್ನಡಕ ಇದೆ, ಮಕ್ಕಳ ಹಾಲಿನ ಪುಡಿ ಇದೆ."

"ನೋಡಿ ಸರ್, ಅದಿಲ್ದೆ ನಮ್ಮತ್ತೆ ಊಟ ಮಾಡಲ್ಲ. ಶುಗರ್ ಪೇಷಂಟು. ಔಷಧಿ ಅಂತಲೇ ಬರ್ಕೊಳ್ಳಿ."

"ಊಟಕ್ಕೆ ಮುಂಚೆನಾ, ಆಮೇಲಾ?"

"ಮುಂಚೆ."

"ಎಷ್ಟು?"

"ಒಂದು."

ಮನುಷ್ಯ ಬರೆದುಕೊಂಡ. ತಮಾಷೆಗೆ ಕೇಳಿದನೋ, ಫಾರಂ ತುಂಬಲು ಕೇಳಿದನೋ ಇವತ್ತಿಗೂ ನನಗೆ ಗೊತ್ತಿಲ್ಲ. ಅವನ ಹೊಟ್ಟೆ ತಣ್ಣಗಿರಲಿ.

ಒಪ್ಪಿಗೆ ಸಿಕ್ಕರೂ ಅದು ಕೆಳಗಿನಿಂದ ಮೇಲೆ ಬರಲು ಮತ್ತೊಂದು ಹಗಲು ಹಿಡಿಯಿತು. ಮೂರನೆಯ ಬೆಳಿಗ್ಗೆ ಅತ್ತೆಯ ಕೈ ನಡುಗಲು ಶುರುವಾಗಿತ್ತು. ಬಾಗಿಲ ಬಳಿ ನಿಂತು ಬೆರಳು ಚುಚ್ಚಿ ಶುಗರ್ ನೋಡಿದ ನರ್ಸಮ್ಮ, "ಇವತ್ತು ಏನಾದ್ರೂ ತಿನ್ಲಿಲ್ಲ ಅಂದ್ರೆ ಆಸ್ಪತ್ರೆಗೆ ಕಳಿಸ್ತೀವಿ ಕಣ್ರೀ, ಜೊತೇಲಿ ಯಾರನ್ನೂ ಬಿಡಲ್ಲ" ಎಂದು ನನಗೆ ಹೇಳಿ ಹೋದಳು. ಆ ವರ್ಷ ಆಸ್ಪತ್ರೆಗೆ ಒಬ್ಬರೇ ಹೋದವರ ಕಥೆಗಳನ್ನು ಎಲ್ಲರೂ ಕೇಳಿದ್ದೆವು. ನನ್ನ ಸಿಟ್ಟೆಲ್ಲ ಜರ್ರನೆ ಇಳಿದು, ಬರೀ ಹೆದರಿಕೆ ಉಳಿಯಿತು. ಈ ಹೆಂಗಸು ನನ್ನ ಕಣ್ಣೆದುರೇ ಸಾಯುತ್ತಾರೆ, ಇಲ್ಲವೆ ಕಣ್ಣಿಗೆ ಕಾಣದ ಹಾಗೆ ಸಾಯುತ್ತಾರೆ ಎಂದುಕೊಂಡೆ.

ಹತ್ತು ಗಂಟೆಗೆ ಎರಡು ಪ್ಲಾಸ್ಟಿಕ್ ಕವರಿನೊಳಗೆ ಹೊಸ ಕರಡಿಗೆಯ ಸಮೇತ ಲಿಂಗ ಬಂತು, ಕವರಿನ ಮೇಲೆ ಬ್ಲೀಚಿಂಗ್ ಅಭಿಷೇಕ ಮುಗಿಸಿಕೊಂಡೇ. ಅತ್ತೆ ಗೋಡೆ ಹಿಡಿದುಕೊಂಡು ಹೋಗಿ ಸ್ನಾನ ಮಾಡಿ ಬಂದರು. ಟೀ ಕಾಯಿಸುವ ಕೆಟಲಿಗೆ ಫೋನ್ ಒರಗಿಸಿ ಬುದ್ಧಿಯವರಿಗೆ ಕರೆ ಮಾಡಿದೆವು. ಮೊದಲು ಮಠದ ಫ್ಯಾನು ಕಾಣಿಸಿತು, ಆಮೇಲೆ ಬುದ್ಧಿಯವರ ಗಡ್ಡ, ಯಾರೋ ಫೋನ್ ಸರಿ ಮಾಡಿದ ಮೇಲೆ ಮುಖ.

"ನಾನಲ್ಲಿ ಇಲ್ವಲ್ಲ ತಾಯಿ, ನನ್ ಕೈ ಬದ್ಲು ನಿನ್ ಕೈ" ಎಂದರು ನನಗೆ. "ಅತ್ತೆ ಅಂಗೈಲಿ ಲಿಂಗ ನೀನೇ ಇಡ್ಬೇಕು. ಮೈಮೇಲೆ ಲಿಂಗ ಇದ್ದೋರೇ ಇಡ್ಬೇಕು. ನಿನ್ ಕೊರಳಲ್ಲಿ ಇದೆ ತಾನೆ?"

ಇರಲಿಲ್ಲ. ಮದುವೆಯಾಗಿ ಮಸ್ಕತ್ತಿಗೆ ಹೋದ ವರ್ಷವೇ, ಶಾಲೆಯಲ್ಲಿ ಪಾಠ ಮಾಡುವಾಗ ಕಾಲರಿನಿಂದ ದಾರ ಇಣುಕುತ್ತದೆ ಎಂಬ ಘನ ಕಾರಣಕ್ಕೆ ತೆಗೆದಿದ್ದೆ. ಮುಂದಿನ ರಜೆಯಲ್ಲಿ ಬಂದಾಗ ಚಾಮರಾಜಪುರಂನ ತವರು ಮನೆಯ ಬೀರುವಿನಲ್ಲಿಟ್ಟು, ಬೀಗ ಹಾಕಿ, ಮರೆತಿದ್ದೆ. ಅತ್ತೆ ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಅತ್ತೆ ಪೂಜೆಗೆ ಕೂತಾಗ ನಾನು ಬೇಕೆಂದೇ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡಿಕೊಂಡು ಹತ್ತು ವರ್ಷ ಕಳೆದಿದ್ದೆ.

ಲಿಂಗವಿದ್ದ ಗಂಡ ಗೋಡೆಯಾಚೆ ಇದ್ದರು. ಮಗಳಿಗೆ ಇನ್ನೂ ದೀಕ್ಷೆ ಮಾಡಿಸಿರಲಿಲ್ಲ. ಇಲ್ಲ ಎಂದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಮಧ್ಯಾಹ್ನ ಆಂಬುಲೆನ್ಸ್ ಬರುತ್ತದೆ. ಇದೆ ಎಂದರೆ, ಅತ್ತೆ ಎರಡು ದಿನ ಉಪವಾಸ ಕೂತು ಉಳಿಸಿಕೊಂಡ ನೇಮ ನನ್ನ ಸುಳ್ಳಿನಿಂದಲೇ ಕೆಡುತ್ತದೆ. ಸುಳ್ಳು ಹೇಳಲು ನನಗೆಂದೂ ನಾಚಿಕೆಯಿಲ್ಲ. ಅವತ್ತು ನಾಲಿಗೆ ಏಳಲೇ ಇಲ್ಲ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇದೆ ಬುದ್ಧಿ" ಎಂದರು ಅತ್ತೆ. "ಹಾಕ್ಕೊಂಡವ್ಳೆ. ನಮ್ ಸೊಸೆ ಯಾವತ್ತೂ ತೆಗೆದೋಳಲ್ಲ."

ಬುದ್ಧಿಯವರು ತಲೆಯಾಡಿಸಿ ಮುಂದುವರಿಸಿದರು. ವಿಭೂತಿ ಹಚ್ಚಿಸಿದರು, ನನ್ನ ಕೈಯಿಂದ ಲಿಂಗ ಅತ್ತೆಯ ಅಂಗೈಗೆ ಹೋಯಿತು. ಮಂತ್ರವನ್ನು ಬಲಗಿವಿಯಲ್ಲಿ ಹೇಳಬೇಕಾದ್ದರಿಂದ ಸ್ಪೀಕರ್ ಆರಿಸಿ ಫೋನನ್ನು ಅತ್ತೆಯ ಕಿವಿಗೆ ಹಿಡಿದೆ. "ಕೇಳಿಸ್ತಿಲ್ಲ ಬುದ್ಧಿ, ಇನ್ನೊಂದ್ಸಲ" ಎಂದು ಅತ್ತೆ ಎರಡು ಸಲ ಕೂಗಿದರು. ಗುಟ್ಟಾಗಿ ಕೊಡಬೇಕಾದ ಮಂತ್ರವನ್ನು ಬುದ್ಧಿಯವರು ಎಷ್ಟು ಜೋರಾಗಿ ಹೇಳಿದರೆಂದರೆ ಅರ್ಧ ನನಗೇ ಕೇಳಿಸಿತು.

ಕರೆ ಮುಗಿಯಿತು. ಅತ್ತೆ ಪೂಜೆ ಮುಗಿಸಿ, ಲಿಂಗವನ್ನು ಹೊಸ ಕರಡಿಗೆಗಿಟ್ಟು ಕೊರಳಿಗೆ ಹಾಕಿಕೊಂಡರು. ನನಗೆ ತಲೆ ಎತ್ತಲಾಗಲಿಲ್ಲ.

"ಯಾವಾಗ ಗೊತ್ತಾಯ್ತು ಅತ್ತೆ?" ಎಂದೆ.

"ಒಂದೇ ಮನೇಲಿ ಇದ್ದೀವಿ, ನಂಗೇನ್ ಕಣ್ಣಿಲ್ವಾ?" ಎಂದರು. ಕರಡಿಗೆಯನ್ನು ಸೆರಗಿನೊಳಗೆ ಸರಿಸಿ, "ಹುಟ್ಟಿದ್ಮೇಲೆ ಬುದ್ಧಿಯವ್ರ ಮುಂದೆ ಸುಳ್ಳಾಡಿದ್ದು ಇವತ್ತೇ ಕಣಮ್ಮ. ನನ್ ಹಸಿವಿಗೆ ಆಡ್ದೆ ಅನ್ಕೋಬೇಡ. ಮಗು ಎದುರಿಗೆ ನಿನ್ ಮುಖ ಬಾಡಿದ್ದು ನೋಡಕ್ಕಾಗ್ಲಿಲ್ಲ" ಎಂದರು.

ನನಗೆ ಅಳು ತಡೆಯಲಾಗಲಿಲ್ಲ. ಮಗಳು ಬೆಳಗಿನ ಇಡ್ಲಿಯ ಡಬ್ಬಿ ತೆರೆದು ಅಜ್ಜಿಯ ಮುಂದಿಟ್ಟಳು. ಇಡ್ಲಿ ತಣ್ಣಗಾಗಿ ಗಟ್ಟಿಯಾಗಿತ್ತು. ಅತ್ತೆ ಮುರಿಯಲು ಹೋದರು, ಆಗಲಿಲ್ಲ. ಮೊದಲ ತುತ್ತನ್ನು ನಾನೇ ಅವರ ಬಾಯಿಗಿಟ್ಟೆ.