‘ಬರದಿದ್ದವರಿಗೂ’ ಎಂಬ ಒಂದೇ ಪದ

ಸ್ವತಂತ್ರವಾಗಿ ದುಡಿಯುವವರ ಬಗ್ಗೆ ಎಲ್ಲರೂ ಹೇಳುವ ಕತೆ ಒಂದೇ: ಬೇಕಾದಾಗ ಕೆಲಸ, ಸಾಕಾದಾಗ ನಿದ್ದೆ, ತಲೆಯ ಮೇಲೆ ಸಾಹೇಬನಿಲ್ಲ, ದರವನ್ನು ಮಾರುಕಟ್ಟೆ ನಿರ್ಧರಿಸುತ್ತದೆ. ಕೊನೆಯ ಮಾತನ್ನೇ ಮೊದಲು ಹಿಡಿಯೋಣ. ಮಾರುಕಟ್ಟೆ ಎಂದರೆ ಯಾರು? ನನ್ನ ಮಟ್ಟಿಗೆ ಅದು ಸೇಡಂ ರಸ್ತೆಯ ಚಹಾದಂಗಡಿಯಲ್ಲಿ ನನ್ನೆದುರು ಕೂತು ಮಿರ್ಚಿ ಭಜಿ ತಿನ್ನುತ್ತಿದ್ದ ಒಬ್ಬ ಮನುಷ್ಯ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅವನು ನನ್ನ ಜೋಡಿ. ಈಗ ಒಂದು ಅನುವಾದ ಕಂಪನಿಯಲ್ಲಿ ತಿಂಗಳ ಪಗಾರದ ಮೇಲಿದ್ದಾನೆ, ನಮ್ಮಂಥವರಿಗೆ ಕೆಲಸ ಹಂಚುತ್ತಾನೆ.

ನಮ್ಮಂಥವರು ಎಂದರೆ ನಾನು ಮತ್ತು ಕಮಲಾಪುರದ ನನ್ನ ಗೆಳತಿ. ಅವಳದು ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ, ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್. ಔಷಧಿಯ ಚೀಟಿ, ಬ್ಯಾಂಕಿನ ಸೂಚನೆ, ಮಿಕ್ಸರಿನ ಕೈಪಿಡಿ, ಏನು ಬಂದರೂ ಇಬ್ಬರೂ ಕನ್ನಡಕ್ಕೆ ತರುತ್ತಿದ್ದೆವು. ಈ ಕೆಲಸವನ್ನು ನಂಬಿಯೇ ಅವಳು ನಗರದ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಳು. ಊರಿನ ತುಂಬಿದ ಮನೆಯಲ್ಲಿ ಅವಳಿಗೆ ಮುಚ್ಚಿಕೊಂಡು ಕೂರಲು ಬಾಗಿಲಿರಲಿಲ್ಲ. ಇಲ್ಲಿ ಒಂದು ಬಾಗಿಲಿತ್ತು. ಕಿರಾಯಿ ಕಟ್ಟುವತನಕ ಅದು ಅವಳದು.

ಮೊದಲು ಇಂಗ್ಲಿಷ್ ಪದಗಳನ್ನು ಎಣಿಸಿ ರೊಕ್ಕ ಕೊಡುತ್ತಿದ್ದರು. ಒಂದು ದಿನ ಮೇಲ್ ಬಂತು: ಇನ್ನು ಎಣಿಕೆ ಕನ್ನಡ ಪದಗಳದ್ದು, ದರ ಮಾತ್ರ ಅದೇ. ‘ದರ ಇಳಿಸಿಲ್ಲ’ ಎಂದು ದಪ್ಪಕ್ಷರದಲ್ಲಿ ಬೇರೆ ಹಾಕಿದ್ದರು! ಕನ್ನಡ ಬಲ್ಲವರಿಗೆ ಇದರ ಮಜಾ ಬಿಡಿಸಿ ಹೇಳಬೇಕಿಲ್ಲ. ‘ಬರದಿದ್ದವರಿಗೂ’ ಎನ್ನಲು ಇಂಗ್ಲಿಷಿಗೆ ಏಳು ಪದ ಬೇಕು. ನಾವು ಒಂದರಲ್ಲಿ ಮುಗಿಸುತ್ತೇವೆ. ಅಂದರೆ ಏಳರ ಕೆಲಸ, ಒಂದರ ಕೂಲಿ. ಇದಕ್ಕೆ ದರ ಇಳಿಸುವುದು ಎನ್ನದೆ ಇನ್ನೇನು ಎನ್ನಬೇಕೋ ನನಗೆ ತಿಳಿಯದು.

ಗೆಳತಿ ನಕ್ಕಳು. “ನಮ್ಮೂರಾಗ ಕೆಂಪ ಬಾಳಿಹಣ್ಣು ಡಜನ್ ಲೆಕ್ಕದಾಗ ಮಾರ್ತಾರ. ಇವ್ರು ಅದೇ ರೇಟಿಗೆ ಹನ್ನೆರಡು ಗೊನಿ ಕೇಳಾಕತ್ತಾರ ನೋಡು.”

ನಾನು ನಗಲಿಲ್ಲ. ಕಂಪನಿಯಲ್ಲಿದ್ದ ಆ ಹಳೆಯ ಜೋಡಿಗೆ ಫೋನು ಹಚ್ಚಿದೆ.

“ಹಂಗಾದ್ರ ಬಿಡಿಸಿ ಬರೀರಲಾ,” ಅಂದ. “ಯಾರು ಬ್ಯಾಡ ಅಂದಾರ?”

ನಾನು ಹಾಗೆ ಬರೆಯಲಿಲ್ಲ, ಜಗಳಕ್ಕೇ ನಿಂತೆ. ಅವಳಿಗೆ ಖೋಲಿ ಉಳಿಯಬೇಕಿತ್ತು, ಬಿಡಿಸಿ ಬರೆದಳು. ‘ಬರದೇ ಇದ್ದ ಅವರಿಗೆ ಕೂಡ.’ ಪುಟವೆಲ್ಲ ಹಲ್ಲುದುರಿದ ಬಾಯಿಯಂತೆ ಕಾಣತೊಡಗಿತು. ಕಂಪನಿಯ ಪರೀಕ್ಷಕರು ‘ಸಹಜ ಕನ್ನಡವಲ್ಲ’ ಎಂದು ಷರಾ ಹಾಕಿ ಕೊಡಬೇಕಾದ್ದರಲ್ಲೂ ಮುರಿದುಕೊಂಡರು. ಕೂಡಿಸಿದರೆ ಕಡಿಮೆ, ಬಿಡಿಸಿದರೆ ದಂಡ!

ಅದರ ಬೆನ್ನಿಗೇ ಯಂತ್ರ ಬಂತು. ಇನ್ನು ಅನುವಾದ ಅದೇ ಮಾಡುತ್ತದೆ, ನೀವು ಸುಮ್ಮನೆ ತಿದ್ದಿದರಾಯಿತು, ಅರ್ಧ ದರ. ಊಟಕ್ಕೆ ಮುಂಚೆ ನುಂಗಬೇಕಾದ ಮಾತ್ರೆಯನ್ನು ಯಂತ್ರ ‘ಖಾಲಿ ಹೊಟ್ಟೆಯ ಮೇಲೆ’ ಇಡಿಸಿತ್ತು. ಇಂಥದ್ದನ್ನು ಸುಮ್ಮನೆ ತಿದ್ದುವುದು ಹೇಗೆ? ಅಳಿಸಿ ಹೊಸದಾಗಿ ಬರೆಯುತ್ತಿದ್ದೆವು, ಅರ್ಧ ದರಕ್ಕೆ.

ಚಹಾದಂಗಡಿಗೆ ಅವನನ್ನು ಕರೆದವರು ಯಾರೆಂದರೆ ನಾನೇ. ಕಿರಾಯಿ ಕಟ್ಟಲಾಗದೆ ಗೆಳತಿ ಬೆಳಿಗ್ಗೆ ಖೋಲಿಯ ಕೀಲಿಯನ್ನು ಮಾಲಕರಿಗೆ ಒಪ್ಪಿಸಿ, ಚೀಲ ಹಿಡಿದು ಅಲ್ಲಿಗೇ ಬಂದಳು. ಊರಿಗೆ ಹೊರಟಿದ್ದಳು.

“ಈಗಿನ ಜಮಾನಾಕ್ಕ ಫ್ಲೆಕ್ಸಿಬಲ್ ಇರ್ಬೇಕ್ರೀ,” ಎಂದು ಅವನು ಅವಳಿಗೆ ಉಪದೇಶ ಶುರು ಮಾಡಿದ.

“ಬಗ್ಗೀನಲ್ರೀ. ಇನ್ನೆಷ್ಟು ಬಗ್ಗಲಿ? ನೆಲ ಬಂತು.”

“ಕಮಲಾಪುರದಾಗ ಕೂತು ಮಾಡ್ರಿ. ನೆಟ್ ಅದ ಇಲ್ಲೋ ಅಲ್ಲಿ?”

“ನೆಟ್ ಅದ. ಬಾಗಲಾ ಇಲ್ಲ.”

ಅವನಿಗೆ ಅರ್ಥವಾಗಲಿಲ್ಲ. ನನ್ನ ಕಡೆ ತಿರುಗಿ, ಕಾಲೇಜಿನ ಅಡ್ಡಹೆಸರು ಹಿಡಿದು, “ವಕೀಲಸಾಬ್, ನೀ ಮತ್ತ ಸುರು ಮಾಡಬ್ಯಾಡಪಾ. ಗಿರಾಕಿನೇ ಕಡಿಮಿ ಕೊಡ್ತಾನ, ನಾ ಏನ್ ಮಾಡ್ಲಿ?” ಅಂದ.

ಸ್ಪರ್ಧೆಯ ವೇದಿಕೆಯಲ್ಲಿ ಎದುರಾಳಿ ಹೀಗೆ ಪುರಾವೆಯಿಲ್ಲದೆ ಜಾರಿಕೊಂಡರೆ ಏನು ಮಾಡಬೇಕೆಂದು ನಾವಿಬ್ಬರೂ ಒಟ್ಟಿಗೇ ಕಲಿತಿದ್ದೆವು.

“ಒಂದೇ ಮಾತು ಕೇಳ್ತೀನಿ,” ಅಂದೆ. “ನಿಮ್ಮ ಕಂಪನಿ ಗಿರಾಕಿಗೆ ಬಿಲ್ ಹಾಕೋ ಮುಂದ ಯಾವ ಭಾಷಾದ ಪದ ಎಣಿಸ್ತದ?”

ಅವನು ಕಚ್ಚಿದ ಭಜಿಯನ್ನು ಕಾಗದದ ಮೇಲಿಟ್ಟು ಫೋನು ನೋಡತೊಡಗಿದ. ಅವಳು ಬಸ್ಸಿಗೆ ಹೊತ್ತಾಯಿತೆಂದು ಚೀಲ ಹೆಗಲಿಗೇರಿಸಿದಳು.

“ಹೇಳಲಾ ದೋಸ್ತ, ಆಕಿ ಹೋಗೂದ್ರಾಗ ಹೇಳು. ಕನ್ನಡದ್ದೊ, ಇಂಗ್ಲಿಷಿಂದೊ?”