ತಂಗಿಯ ಬಾಣಂತನದ ನೀರು

ನಾಸಿಕದಲ್ಲಿ ನಮ್ಮ ಬೋರಿನ ನೀರು ಗಡಸು. ನೇರವಾಗಿ ಕಾಯಿಸಿದರೆ ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ. ಅದಕ್ಕೇ ಮಾಳಿಗೆಯ ಮೇಲಿನ ಸೋಲಾರಿನಲ್ಲಿ ಬಿಸಿಲಿಗೆ ಕಾಯುವ ನೀರೇ ಬೇರೆ, ನಾವು ಮೀಯುವ ನೀರೇ ಬೇರೆ. ಕಾಯುವ ನೀರು ಪ್ಯಾನೆಲ್ಲಿನಿಂದ ಟಾಕಿಯೊಳಗಿನ ತಾಮ್ರದ ಸುರುಳಿಗೆ ಬಂದು, ಸುತ್ತ ನಿಂತ ಬೋರಿನ ನೀರಿಗೆ ತನ್ನ ಬಿಸಿ ಕೊಟ್ಟು, ಮತ್ತೆ ಬಿಸಿಲಿಗೆ ಮರಳುತ್ತದೆ. ನಲ್ಲಿಗೆ ಅದು ಎಂದೂ ಬರುವುದಿಲ್ಲ. ಅದು ಆವಿಯಾಗಿ ಕಡಿಮೆಯಾದಂತೆ, ಸುರುಳಿಗೆ ನೀರುಣಿಸುವ ಪಕ್ಕದ ಪುಟ್ಟ ಡಬ್ಬಿಗೆ ಫಿಲ್ಟರ್ ನೀರು ಸುರಿಯಬೇಕು. ಅದು ನನ್ನ ಕೆಲಸ. ಸುರಿಯದಿದ್ದರೆ ಪ್ಯಾನೆಲ್ ಕೈ ಸುಡುತ್ತದೆ, ಟಾಕಿ ತಣ್ಣಗಿರುತ್ತದೆ.

ಕಳೆದ ಚಳಿಗಾಲ, ಪಿಂಪಳಗಾಂವ್ ಕಡೆ ದ್ರಾಕ್ಷಿ ತೋಟಗಳಲ್ಲಿ ಚಳಿಗೆ ಬೆಂಕಿ ಹಾಕುತ್ತಿದ್ದಾಗ, ತಂಗಿ ನಮ್ಮಲ್ಲಿಗೆ ಬಂದು ಹೆತ್ತಳು. ಅವ್ವ ತೀರಿಹೋಗಿದ್ದಾಳೆ. ಸಂಭಾಜಿನಗರದಲ್ಲಿರುವ ಅವಳ ಅತ್ತೆ ಬಾಣಂತಿಯೆಂದು ಕೆಲಸ ಬಿಡಿಸುವವಳಲ್ಲ. ಮೂರು ತಿಂಗಳಾದರೂ ನನ್ನ ಹತ್ತಿರ ಇರಬೇಕೆಂಬುದೇ ತಂಗಿಯ ಆಸೆ.

ನಮ್ಮ ಬೀದರಿನ ಕಡೆ ಬಾಣಂತಿಯ ನಡುವಿಗೆ ಸುಡುನೀರು ಎರೆಯುತ್ತಾರೆ. ನಾನೇ ಎರೆಯುತ್ತಿದ್ದೆ. ಒಂದು ದಿನ, "ಸಾಕು ಬಿಡು, ಉಳದವ್ರು ಮೈ ತೊಳಕೋಬೇಕೋ ಬ್ಯಾಡೋ?" ಎಂದೆ.

ಅವಳು ಕಣ್ಣು ಮುಚ್ಚಿಕೊಂಡೇ ನಕ್ಕಳು. "ಇನ್ನೆರಡು ಚರಗಿ ಹಾಕು ಅಕ್ಕಾ. ಹಡದವ್ರ ನಡ ನಿನಗೇನು ಗೊತ್ತು?"

ಚುಚ್ಚುವ ಮನಸ್ಸು ಅವಳಿಗಿರಲಿಲ್ಲ. ನನ್ನ ಎರಡು ಬಸಿರು ನಿಲ್ಲಲಿಲ್ಲವೆಂಬುದು ಆ ಗಳಿಗೆಯಲ್ಲಿ ಅವಳಿಗೆ ಮರೆತಿತ್ತು. ನನಗೆ ಮರೆತಿರಲಿಲ್ಲ.

ಆ ವಾರ ತಂಬಿಗೆ ತುಂಬಿಕೊಂಡು ಮಾಳಿಗೆ ಹತ್ತಿದೆ. ಡಬ್ಬಿಯ ತಳ ಕಾಣುತ್ತಿತ್ತು. ತಂಬಿಗೆಯ ನೀರನ್ನು ತುಳಸಿಗೆ ಸುರಿದು ಕೆಳಗಿಳಿದೆ.

ನೀರು ಮೊದಲು ಉಗುರುಬೆಚ್ಚಗಾಯಿತು, ಆಮೇಲೆ ತಣ್ಣಗಾಯಿತು. "ಮಿಷನ್ ಕೆಟ್ಟದ. ಮಿಸ್ತ್ರಿ ಊರಾಗಿಲ್ಲ" ಎಂದೆ.

"ಗ್ಯಾಸಿನ ಮ್ಯಾಲ ಕಾಸಿಕೋತೀನಿ."

"ನಿನ್ನ ನಡಕ್ಕ ನಮ್ಮ ಸಿಲಿಂಡರ್ ಸುಡಬೇಕೇನು? ನಿಮ್ಮತ್ತಿ ಮನಿಯಿಂದ ತರಸು."

ಅವಳು ಕೂಸಿಗಷ್ಟೇ ಒಂದು ಪಾತೇಲಿ ನೀರು ಕಾಸಿ, ತಾನು ತಣ್ಣೀರಿನಲ್ಲಿ ಮಿಂದಳು. ಹಾಲೂಡಿಸುವಾಗ ಒಂದು ಕೈಯಿಂದ ಸೊಂಟ ಒತ್ತಿಕೊಳ್ಳುತ್ತಿದ್ದಳು. ನಾನು ನೋಡುತ್ತಲೇ ರೊಟ್ಟಿ ಬಡಿಯುತ್ತಿದ್ದೆ. ಬೇಜಾರೇನೂ ಆಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಹಾಯೆನಿಸುತ್ತಿತ್ತು.

ತಿಂಗಳು ತುಂಬುವ ಮೊದಲೇ ಗಂಡನನ್ನು ಕರೆಸಿಕೊಂಡು ಹೊರಟಳು. "ನಿನಗ ಭಾಳ ತ್ರಾಸ ಕೊಟ್ಟೆ ಅಕ್ಕಾ" ಎಂದಳು. ಬಸ್ ಹತ್ತಿಸಿ ಬಂದವಳೇ ಡಬ್ಬಿಗೆ ನೀರು ತುಂಬಿದೆ.

ವಾರದ ಮೇಲೆ ಫೋನ್ ಮಾಡಿದಳು. ಅತ್ತ ಪಾತ್ರೆಗಳ ಸದ್ದು. ತಿಕ್ಕುತ್ತಿದ್ದವಳು ಅವಳೇ.

"ನಿಮ್ಮ ಮಿಷನ್ ರಿಪೇರಿ ಆತೇನು?"

"ಇಲ್ಲ. ಮಿಸ್ತ್ರಿ ಇನ್ನೂ ಬಂದಿಲ್ಲ."

"ಹಂಗಾದ್ರ ತಣ್ಣೀರಾಗ ತಲಿ ತೊಳಕೋಬ್ಯಾಡ. ನಿನಗ ಥಂಡಿ ತಡಿಯಂಗಿಲ್ಲ."

ನಾನು ಆಗಷ್ಟೇ ಬಿಸಿನೀರಿನಲ್ಲಿ ಮಿಂದು, ಕೂದಲಿಗೆ ಟವೆಲ್ ಸುತ್ತಿಕೊಂಡು ನಿಂತಿದ್ದೆ. "ಹೂಂ" ಎಂದೆ.